ಮಾರಿದ ಹೊಲದ ಚರಗ

ಎಳ್ಳಮಾವಾಸ್ಯೆಗೆ ನಾವು ಮಂದಿಯ ಹೊಲದಲ್ಲಿ ಚರಗ ಚೆಲ್ಲುವವರು. ನಮ್ಮದೇ ಅಂತ ನಾಲ್ಕು ಎಕರೆ ಎರಿ ಹೊಲ ಕಪನೂರದ ಸೀಮೆಯಲ್ಲಿ ಇತ್ತು. ಅಕ್ಕಂದಿರಿಬ್ಬರ ಲಗ್ನದ ಸಾಲಕ್ಕೆ ಅಪ್ಪ ಅದನ್ನು ಮಾರಿದ. ಯಾರೂ ಕಸಿದುಕೊಳ್ಳಲಿಲ್ಲ, ಮೋಸವೂ ಆಗಲಿಲ್ಲ. ಚಹಾ ಕುಡಿದು, ರೊಕ್ಕ ಎಣಿಸಿಕೊಂಡು, ಹೆಬ್ಬೆಟ್ಟು ಒತ್ತಿ ಬಂದ. ಮುಂದೆ ಹುಮನಾಬಾದ್ ರಸ್ತೆಯ ಬದಿಗೆ ದಾಲ್ ಮಿಲ್ಲುಗಳು ಎದ್ದವು. ನಮ್ಮ ಹೊಲ ಇದ್ದಲ್ಲಿ ಈಗ ಒಂದು ಮಿಲ್ಲಿನ ಫರಸಿ ಹಾಸಿದ ಅಂಗಳ, ಎಣ್ಣೆ ಹಚ್ಚಿದ ತೊಗರಿಯನ್ನು ಬಿಸಿಲಿಗೆ ಹರವಲು. ಅದೇ ಮಿಲ್ಲಿನಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಮಾಲು ನೋಡುವ ಕೆಲಸ ಮಾಡಿದೆ. ಅಪ್ಪ ತೊಗರಿ ಬೆಳೆದ ನೆಲದ ಮೇಲೆ ಮಗ ಊರವರ ತೊಗರಿ ಒಣಗಿಸಿದ. ಪಗಾರ ಬಂದ ದಿನ ಇದು ನೆನಪಾಗುತ್ತಿರಲಿಲ್ಲ, ಎಳ್ಳಮಾವಾಸ್ಯೆಯ ದಿನ ನೆನಪಾಗುತ್ತಿತ್ತು.

ಹೊಲ ಹೋದ ವರ್ಷ ಅಮಾವಾಸ್ಯೆಗೆ ಅವ್ವ ಎಂದಿನಂತೆ ನಸುಕಿನಲ್ಲೆದ್ದು ಭಜ್ಜಿಗೆ ಇಟ್ಟಳು. ಅಪ್ಪ ಕಟ್ಟೆಯ ಮೇಲೆ ಕೂತಲ್ಲಿಂದಲೇ, "ಎಲ್ಲಿಗಿ ಒಯ್ತಿ ಇದನ್ನ?" ಅಂದ. ಅವ್ವ ತಿರುಗಿ ಮಾತಾಡಲಿಲ್ಲ. ಬುಟ್ಟಿ ಕಟ್ಟಿ, ಕಮಲಾಪುರದ ಕಡೆ ಹೋಗುವ ಬಸ್ಸು ಹತ್ತಿಸಿ, ತನ್ನ ತವರಿನ ದೂರದ ಸಂಬಂಧಿಕರ ಹೊಲಕ್ಕೆ ನಮ್ಮನ್ನೆಲ್ಲ ಕರೆದೊಯ್ದಳು. ಅವರು ಬ್ಯಾಡ ಅನ್ನಲಿಲ್ಲ. ಆ ದಿನ ಬುತ್ತಿ ತಂದವರಿಗೆ ಬ್ಯಾಡ ಅನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಅಪ್ಪ ಮಾತ್ರ ಬರಲಿಲ್ಲ. ಸಾಯುವ ತನಕ ಬರಲಿಲ್ಲ.

ಬೇರೆ ಕಡೆಯ ಓದುಗರಿಗೆ ಒಂದಿಷ್ಟು ಹೇಳಬೇಕು. ಕಲಬುರಗಿ, ಬೀದರಗಳಲ್ಲಿ ಎಳ್ಳಮಾವಾಸ್ಯೆ ಅಂದರೆ ಪೇಟೆಯ ಅರ್ಧ ಅಂಗಡಿ ಬಾಗಿಲು ಹಾಕಿ ಹೊಲಕ್ಕೆ ಹೋಗುವ ದಿನ. ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ, ತೊಗರಿ ಕೊಯ್ಲಿಗೆ ಬಂದಿರುತ್ತದೆ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ, ಮೆಂತೆ, ಪುಂಡಿಪಲ್ಯ, ಸಿಕ್ಕಿದ್ದೆಲ್ಲ ಒಂದೇ ಗಡಿಗೆಯಲ್ಲಿ ಬಿದ್ದು, ಹುಣಸೆಹುಳಿ ಮತ್ತು ಕಡಲೆಹಿಟ್ಟು ಕೂಡಿ ಕುದ್ದರೆ ಅದು ಭಜ್ಜಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಗಸಿ ಹಿಂಡಿ, ಮಜ್ಜಿಗೆಯ ಅಂಬಲಿ. ಬನ್ನಿಯೋ ಬೇವೋ, ಒಂದು ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ. ಆಮೇಲೆ ಚರಗ. ಒಬ್ಬ ಮುಂದೆ, ಎಲ್ಲ ಅಡುಗೆಯನ್ನೂ ಕಲಸಿದ ಬುಟ್ಟಿ ಹಿಡಿದು ಹಿಡಿ ಹಿಡಿಯಾಗಿ ಬೆಳೆಯ ಮೇಲೆ ಚೆಲ್ಲುತ್ತ ಹೋಗುತ್ತಾನೆ. ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ ಕೂಗು ಹಾಕುತ್ತಾನೆ. ಬದುವಿನಗುಂಟ ಒಂದು ಸುತ್ತು, ಬಿಟ್ಟಲ್ಲಿಗೇ ಬಂದು ನಿಲ್ಲಬೇಕು. ಮಂತ್ರವಿಲ್ಲ, ದಕ್ಷಿಣೆಯಿಲ್ಲ. ಊಟ ಮಾತ್ರ ಭರ್ಜರಿ.

ಯಾರಿಗೆ ಇದು? ಸಣ್ಣವನಿದ್ದಾಗ ಕೇಳಿದ್ದೆ. "ಉಂಡೀವಲ್ಲ, ಅದಕ್ಕ," ಅಂದಿದ್ದಳು ಅವ್ವ. ಕೇಳಿದ್ದು ಯಾರಿಗೆ ಅಂತ, ಉತ್ತರ ಬಂದದ್ದು ಯಾಕೆ ಅನ್ನುವುದಕ್ಕೆ. ಉತ್ತರ ತಪ್ಪಿದೆ ಅಂತ ಆಗ ಅನ್ನಿಸಿತ್ತು.

2024ರ ಎಳ್ಳಮಾವಾಸ್ಯೆ ಡಿಸೆಂಬರ್ 30, ಸೋಮವಾರ ಬಂತು. ಹಿಂದಿನ ರಾತ್ರಿ ಹತ್ತರ ಸುಮಾರಿಗೆ ಮನೆಯಲ್ಲಿ ಅವರೆ ಸುಲಿಯುತ್ತ ಕೂತಿದ್ದಾಗ ನ್ಯೂಜೆರ್ಸಿಯಿಂದ ಮಗಳ ವಿಡಿಯೊ ಕಾಲ್. ಅಲ್ಲಿ ರವಿವಾರ ಮುಂಜಾನೆ. "ಅಪ್ಪಾ, ನಾವು ಚರಗ ಚೆಲ್ಲಿ ಬಂದ್ವಿ ನೋಡ್ರಿ." ನನಗೆ ಸಿಟ್ಟು ಬಂತು. ಅಮಾವಾಸ್ಯೆ ನಾಳೆ. ಚಂದ್ರನಿಗೆ ವೀಕೆಂಡ್ ಗೊತ್ತೇನು? ಹೀಗೇ ಅಂದೆ, ಇನ್ನೂ ಎರಡು ಮಾತು ಹೆಚ್ಚಿಗೆ ಅಂದೆ. ಅವಳು ಸುಮ್ಮನೆ ಕೇಳಿಕೊಂಡಳು. ಕೇಳಿಕೊಂಡು, "ನೀವು ಮಿಲ್ಲಿನ್ಯಾಗ ಇದ್ದಾಗ ಎಷ್ಟು ವರ್ಷ ಬಂದೀರಿ ಹೊಲಕ್ಕ?" ಅಂದಳು.

ಬಂದಿರಲಿಲ್ಲ. ಡಿಸೆಂಬರ್, ಜನವರಿ ಎಂದರೆ ತೊಗರಿಯ ಆವಕದ ಸುಗ್ಗಿ. ಲಾರಿ ಸಾಲುಗಟ್ಟಿ ನಿಂತಾಗ ಮಾಲು ನೋಡುವವನಿಗೆ ಅಮಾವಾಸ್ಯೆ ರಜೆ ಯಾರು ಕೊಡುತ್ತಾರೆ? ಹೆಂಡತಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ನಾನು ಚೀಲಕ್ಕೆ ಬಂಬು ಚುಚ್ಚಿ ಅಂಗೈಯಲ್ಲಿ ಕಾಳು ಸುರಿದುಕೊಳ್ಳುತ್ತ ನಿಲ್ಲುತ್ತಿದ್ದೆ. ಸಂಜೆ ಅವರು ಡಬ್ಬಿಯಲ್ಲಿ ತಂದ ತಣ್ಣನೆಯ ಭಜ್ಜಿಯೇ ನನ್ನ ಎಳ್ಳಮಾವಾಸ್ಯೆ. ಕಂಪನಿಯ ಕೆಲಸಕ್ಕೆ ತಿಥಿ ತಪ್ಪಿಸುವುದು ಅಮೆರಿಕೆಯಿಂದ ಬಂದ ಚಾಳಿಯಲ್ಲ.

ಸಿಟ್ಟು ಇಳಿದ ಮೇಲೆ ಮಗಳು ಅಡುಗೆ ತೋರಿಸಿದಳು. ಭಜ್ಜಿಯ ಬಣ್ಣ ಸರಿಯಾಗಿತ್ತು. ಹಸಿ ತೊಗರಿ ಎಲ್ಲಿಂದ ತಂದೆ ಅಂದರೆ ಒಂದು ಡಬ್ಬಿ ಎತ್ತಿ ಹಿಡಿದಳು. ಮೇಲೆ ಬರೆದದ್ದು 'ಗಾಂಡುಲೆಸ್'. ಅವಳ ನೆರೆಯವರು ಪೋರ್ಟೊರಿಕೊ ದ್ವೀಪದ ಕಡೆಯ ಮುದುಕಿ. ಕ್ರಿಸ್ಮಸ್ಸಿಗೆ ಈ ಕಾಳು ಹಾಕಿ ಅನ್ನ ಮಾಡದಿದ್ದರೆ ಅವರಿಗೆ ಹಬ್ಬವೇ ಅಲ್ಲವಂತೆ. ಭಜ್ಜಿ ಉಣ್ಣಲು ಕರೆದಾಗ ಒಂದು ಕಾಳು ಎತ್ತಿ ಹಲ್ಲಿನಲ್ಲಿ ಒಡೆದು, ಇದು ನಮ್ಮ ಅಜ್ಜಿಯ ಹಿತ್ತಲಿನ ಗಿಡದ್ದು ಅಂದರಂತೆ.

ನನಗೆ ನಗು ಬಂತು, ನಿದ್ದೆ ಹೋಯಿತು. ತೊಗರಿಯ ಜೊತೆಗೆ ಬದುಕಿದವನು ನಾನು. ಅದರ ಮೂಲ ನಮ್ಮ ದೇಶವೇ ಅನ್ನುವುದು ಗೊತ್ತಿತ್ತು, ಅದರ ಕಾಡು ಪೂರ್ವಜ ಇನ್ನೂ ಒಡಿಶಾ, ಬಸ್ತರದ ಕಡೆ ಬೆಳೆಯುತ್ತದೆ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಆಫ್ರಿಕ ಸೇರಿತು. ಅಲ್ಲಿಂದ ಗುಲಾಮರನ್ನು ಹೊತ್ತ ಹಡಗುಗಳ ಕಾಲದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಯಿತು. ಜಮೈಕಾದವರು ಅದನ್ನು 'ಗುಂಗೊ' ಅನ್ನುತ್ತಾರೆ, ಕಾಂಗೊ ಎಂಬ ಹೆಸರಿನಿಂದ ಬಂದದ್ದು. ಅವರ ಪಾಲಿಗೆ ಅದು ಆಫ್ರಿಕದ ಕಾಳು. ಬಾರ್ಬಡೋಸಿನಲ್ಲಿ ಪಾರಿವಾಳಕ್ಕೆ ಹಾಕುತ್ತಿದ್ದರಾದ್ದರಿಂದ ಇಂಗ್ಲಿಷಿನವರು ಪಾರಿವಾಳದ ಬಟಾಣಿ ಅಂದರು. ನಮ್ಮ ಅವ್ವನ ಗಡಿಗೆಗೆ ಬೀಳುವ ಕಾಳು ಅದೇ ತಿಂಗಳಲ್ಲಿ ಭೂಮಿಯ ಆಚೆ ಬದಿ ಇನ್ನೊಬ್ಬರ ಹಬ್ಬದ ಗಡಿಗೆಗೂ ಬೀಳುತ್ತದೆ. ಇಬ್ಬರಿಗೂ ಅದು ಅಜ್ಜಿಯ ಕಾಳು.

ಕಪನೂರದ ಮಿಲ್ಲಿನ ಅಂಗಳದಲ್ಲಿ ತೊಗರಿ ಸಮುದ್ರ ದಾಟುವುದು ಹೊಸ ಸಂಗತಿಯಲ್ಲ. ನಮ್ಮ ಕಡೆ ಫಸಲು ಕೈಕೊಟ್ಟ ವರ್ಷ ಬರ್ಮಾದ 'ಲೆಮನ್', ಟಾಂಜಾನಿಯಾದ 'ಅರುಷಾ', ಮೊಜಾಂಬಿಕದ 'ಗಜರಿ' ಎಲ್ಲ ಬಂದು ಬೀಳುತ್ತವೆ. ಇವು ವ್ಯಾಪಾರಸ್ಥರು ಇಟ್ಟ ಹೆಸರುಗಳು, ಕಣ್ಣು ಮುಚ್ಚಿ ಮುಟ್ಟಿದರೂ ಯಾವುದು ಯಾವುದೆಂದು ನಾನು ಹೇಳಬಲ್ಲೆ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು, ಮರುವರ್ಷ ಜುಲೈಯಲ್ಲಿ ಸರಕಾರ ಮೊಜಾಂಬಿಕದ ಜೊತೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡಿತು. ಆ ವರ್ಷವೇ ನಮ್ಮಲ್ಲಿ ಭರಪೂರ ಬೆಳೆ ಬಂದು ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ರೈತರು ಅತ್ತರು, ಮಿಲ್ಲುಗಳು ಓಡಿದವು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಸುಣ್ಣದ ಅಂಶದ ಈ ಮಣ್ಣಿನ ಗುಣಕ್ಕೆ ನಮ್ಮ ಬೇಳೆ ಬೇಗ ಬೇಯುತ್ತದೆ, ಘಮ ಬೇರೆ. ಅದು ಖರೆ. ಆದರೆ ಗಜರಿಯನ್ನು ಬೆರೆಸಿ ಕಲಬುರಗಿ ಬೇಳೆ ಅಂತ ಚೀಲ ಹೊಲಿದ ಮಿಲ್ಲನ್ನೂ ನಾನು ಕಂಡಿದ್ದೇನೆ. ಯಾವುದೆಂದು ಹೇಳುವುದಿಲ್ಲ. ಇನ್ನೂ ಒಂದು ಮಾತು. ನೆಟೆ ರೋಗ ನಮ್ಮ ತೊಗರಿಯನ್ನು ನಿಂತಲ್ಲೇ ಒಣಗಿಸುತ್ತಿದ್ದಾಗ 1980ರ ದಶಕದಲ್ಲಿ ಕೈಹಿಡಿದ 'ಮಾರುತಿ' ತಳಿ ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಿಂದ ಬಂದದ್ದು. ನಮ್ಮ ಮಣ್ಣು, ಅವರ ಬೀಜ. ಮೂವತ್ತು ವರ್ಷ ಉಂಡ ಮೇಲೆ ಅದು ನಮ್ಮ ತೊಗರಿಯೇ ಆಯಿತು. ಯಾರೂ ಅದಕ್ಕೆ ನೀನು ಯಾವ ಊರಿನವ ಅಂತ ಕೇಳಲಿಲ್ಲ.

ಮೊಮ್ಮಗನಿಗೆ ಹದಿಮೂರು ವರ್ಷ, ಹುಟ್ಟಿದ್ದು ಅಲ್ಲೇ. ಮಾತು ಕೇಳಿದರೆ ತಿಳಿಯುತ್ತದೆ, ತಿರುಗಿ ಆಡುವಾಗ ತಡವರಿಸುತ್ತಾನೆ. ಅವನನ್ನು ಅಲ್ಲಿಯೂ ಕೇಳುತ್ತಾರೆ, ಇಲ್ಲಿಗೆ ಬಂದಾಗಲೂ ಕೇಳುತ್ತಾರೆ, ನೀನು ಯಾವ ಊರಿನವ ಅಂತ. ಆ ರಾತ್ರಿ ತಾಯಿಯ ಕೈಯಿಂದ ಫೋನು ಕಸಿದುಕೊಂಡು ಅವನು ಕೇಳಿದ್ದು ಇದು. ಅವರಿರುವ ನೆಲ ಲೆನಾಪೆ ಎಂಬ ಜನರದ್ದಂತೆ. ಶಾಲೆಯಲ್ಲಿ ಹೇಳಿದ್ದಾರೆ. ಅವರನ್ನು ಒತ್ತಿ ಒತ್ತಿ ಓಕ್ಲಹೋಮದ ತನಕ ಓಡಿಸಿದರಂತೆ, ಇನ್ನು ಕೆಲವರು ಕೆನಡಾಕ್ಕೆ ಹೋದರಂತೆ. "ಮತ್ತೆ ನಾವು ಚರಗ ಚೆಲ್ಲಿದ್ದು ಯಾರ ಹೊಲ, ತಾತಾ? ಅವರಿಗೆ ಕೇಳಬೇಕಿತ್ತಲ್ಲ?"

ಹಬ್ಬದ ಮುನ್ನಾ ರಾತ್ರಿ ಇದೆಂಥ ಪ್ರಶ್ನೆ ಅನ್ನಿಸಿತು. "ನಿಮ್ಮವ್ವನ್ನ ಕೇಳು," ಅಂತ ಜಾರಿಕೊಂಡೆ. ಮರುದಿನ ಮಹಾಗಾಂವದಾಚೆ ಅವ್ವನ ಸಂಬಂಧಿಕರ ಆ ಹೊಲದಲ್ಲಿ ಬುಟ್ಟಿ ಹಿಡಿದು ನಡೆಯುವಾಗ ಅದೇ ಪ್ರಶ್ನೆ ಕಾಲಿಗೆ ತೊಡರಿತು. ನಾನು ನಡೆಯುತ್ತಿದ್ದ ಬದು ಯಾರದು? ನಾನು ಒಂದು ಸಲವಾದರೂ ಕೇಳಿದ್ದೇನೆಯೇ?

ನಮ್ಮ ಕಡೆ ಋಣ ಅನ್ನುವ ಮಾತಿಗೆ ಕೈತುಂಬ ಕೆಲಸ. ಊರು ಬಿಟ್ಟವನಿಗೆ ಆ ಊರಿನ ನೀರಿನ ಋಣ ತೀರಿತು ಅನ್ನುತ್ತೇವೆ. ಸತ್ತವನಿಗೆ ಅನ್ನದ ಋಣ ಮುಗಿಯಿತು ಅನ್ನುತ್ತೇವೆ. ವೇದದವರು ಹುಟ್ಟುವಾಗಲೇ ಮನುಷ್ಯನ ತಲೆಯ ಮೇಲೆ ಮೂರು ಸಾಲ ಬರೆದಿಟ್ಟರು, ದೇವರದು, ಋಷಿಗಳದು, ಪಿತೃಗಳದು. ಮಣ್ಣಿನದು ಆ ಪಟ್ಟಿಯಲ್ಲಿಲ್ಲ. ಪಟ್ಟಿ ಬರೆದವರು ಹೊಲದಲ್ಲಿ ದುಡಿದವರಲ್ಲವೇನೋ. ಅವ್ವ ಮಣ್ಣಿನ ಋಣ ಒಂದನ್ನೇ ಬಲ್ಲವಳು. ಅಪ್ಪ ಹೊಲ ಮಾರಿದಾಗ ಮಾಲಿಕತನ ಕಾಗದದ ಮೇಲೆ ದಾಟಿತು, ಸಾಲ ದಾಟಲಿಲ್ಲ. ಮೂವತ್ತು ವರ್ಷ ಆ ಹೊಲ ಉಣಿಸಿದ ಅನ್ನ ನಮ್ಮ ಮೈಯಲ್ಲೇ ಇತ್ತು. ಅಪ್ಪ ಹಾಗೆ ತಿಳಿಯಲಿಲ್ಲ. ಹೊಲವಿಲ್ಲದವನಿಗೆ ಚರಗವಿಲ್ಲ ಅಂತ ಕಟ್ಟೆಯ ಮೇಲೇ ಕೂತ. ಚರಗ ಅವನಿಗೆ ಒಡೆಯನ ಹಬ್ಬ. ಅವ್ವನಿಗೆ ಉಂಡವರ ಹಬ್ಬ. ಈಗ ನೋಡಿದರೆ ಅವಳ ಉತ್ತರವೇ ಸರಿಯಿತ್ತು. ಯಾರಿಗೆ ಅನ್ನುವುದು ಇತ್ಯರ್ಥವಾಗುವ ತನಕ ಕಾಯ್ದರೆ ಸಾಲ ಹಾಗೇ ಉಳಿಯುತ್ತದೆ.

ನಮ್ಮ ಊರಿನ ಶರಣಬಸಪ್ಪನ ಕತೆ ಎಲ್ಲರಿಗೂ ಗೊತ್ತು. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾಗ ಜೋಳದ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಟ್ಟನಂತೆ. ದಾಸೋಹದ ಮಹಿಮೆ ಹೇಳಲು ಈ ಕತೆ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು. ಇದು ನನ್ನ ಹೊಲ, ನೀವು ಹೊರಗಿನವು ಅಂತ ಆತ ಹಕ್ಕಿಗೆ ಹೇಳಲಿಲ್ಲ. ಚರಗ ಚೆಲ್ಲಿ ನಾವು ಅತ್ತ ತಿರುಗಿದ ಕೂಡಲೇ ಅದನ್ನು ತಿನ್ನುವುದೂ ಹಕ್ಕಿ, ಇರುವೆ, ಅಳಿಲುಗಳೇ. ಹೊಲದ ಉತಾರ ಯಾರ ಹೆಸರಿಗಿದೆಯೆಂದು ಅವು ನೋಡುವುದಿಲ್ಲ.

ಹುಡುಗರು ಸಂಸ್ಕೃತಿ ಮರೆತರು ಅಂತ ನನ್ನ ವಯಸ್ಸಿನವರು ಕಟ್ಟೆಯ ಮೇಲೆ ಕೂತು ಮಾತಾಡುವುದು ಇದ್ದೇ ಇದೆ. ನಾನೂ ಮಾತಾಡಿದ್ದೇನೆ. ನಮ್ಮ ಓಣಿಯ ಬಿ.ಕಾಂ. ಹುಡುಗನೊಬ್ಬ ಎಳ್ಳಮಾವಾಸ್ಯೆಗೆ ಡ್ರೋನ್ ತಂದು ರೀಲ್ಸ್ ಮಾಡಿದ. ಹಸಿರು ಜೋಳ, ಹಳದಿ ರುಮಾಲು, 'ನಮ್ಮ ಸಂಸ್ಕೃತಿ ನಮ್ಮ ಹೆಮ್ಮೆ' ಅಂತ ಮೇಲೆ ಅಕ್ಷರ. ನೋಡಿದರೆ ಬುಟ್ಟಿಯಲ್ಲಿ ಅಡುಗೆಯೇ ಇರಲಿಲ್ಲ, ಹೂವಿನ ಪಕಳೆ ಇದ್ದವು. ಚಿತ್ರದಲ್ಲಿ ಚೆಂದ ಕಾಣುತ್ತದಂತೆ. ನನಗೆ ಕಸಿವಿಸಿ ಆಯಿತು. ಇದರಲ್ಲಿ 'ನಮ್ಮ' ಬೇಕಾದಷ್ಟಿದೆ, ಕೊಡುವುದು ಏನೂ ಇಲ್ಲ. ಆದರೆ ಅದೇ ಹುಡುಗ ಮಂಡಿನೋವಿನ ತನ್ನ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಎರಿ ಮಣ್ಣಿನಲ್ಲಿ ಬನ್ನಿ ಗಿಡದ ತನಕ ಒಯ್ದ. ಅದರ ವಿಡಿಯೊ ಯಾರೂ ಮಾಡಲಿಲ್ಲ. ಯಾವುದನ್ನು ಅವನ ಸಂಸ್ಕೃತಿ ಅನ್ನಬೇಕು?

ಈ ಹುಡುಗ ಬೆಂಗಳೂರಿಗೆ ಸಂದರ್ಶನಕ್ಕೆ ಹೋದರೆ ತನ್ನ ಮಾತು ಮುಚ್ಚಿಟ್ಟುಕೊಳ್ಳುತ್ತಾನೆ. 'ಬರ್ಲತ್ತೀನಿ' ಅಂದರೆ ನಗುತ್ತಾರಂತೆ. ಇಲ್ಲಿಂದ ನಲವತ್ತು ಕಿಲೋಮೀಟರಿನ ಮಳಖೇಡದ ಅರಮನೆಯಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ಒಂದಲ್ಲ, ಹಲವು ಎಂದು ಆಗಲೇ ಕಂಡುಕೊಂಡಿತ್ತು. ಈಗ ಸಿಗುವ ಕನ್ನಡದ ಮೊದಲ ಪುಸ್ತಕ ಹುಟ್ಟಿದ ನೆಲದ ಹುಡುಗ ಕನ್ನಡ ನಾಡಿನಲ್ಲೇ ಕನ್ನಡ ಬಚ್ಚಿಡುತ್ತಾನೆ. ನ್ಯೂಜೆರ್ಸಿಯ ನನ್ನ ಮೊಮ್ಮಗ ತಪ್ಪು ತಪ್ಪಾಗಿ ಆಡುವುದು ಅದೇ ಕಲಬುರಗಿ ಮಾತು, ಅವನಿಗೆ ಬೇರೆಯದು ಗೊತ್ತೇ ಇಲ್ಲ. ಅಲ್ಲಿ ಯಾರೂ ಅದಕ್ಕೆ ನಗುವುದಿಲ್ಲ.

ಆ ಸೋಮವಾರ ಹೊಲಕ್ಕೆ ನಮ್ಮ ಜೊತೆ ಮಿಲ್ಲಿನಲ್ಲಿ ಚೀಲ ಹೊರುವ ಬಿಹಾರದ ಹುಡುಗರು ಮೂವರು ಬಂದಿದ್ದರು. ನಿವೃತ್ತನಾದರೂ ಆ ಪರಿಚಯ ಬಿಟ್ಟಿಲ್ಲ. ಭಜ್ಜಿಯ ಹುಳಿಗೆ ಮುಖ ಕಿವುಚಿದರು, ಹೋಳಿಗೆ ಎರಡೆರಡು ತಿಂದರು. ನಾನು ಚರಗದ ಸುತ್ತು ಮುಗಿಸಿ ಬಂದಾಗ ಬುಟ್ಟಿಯ ತಳದಲ್ಲಿ ಒಂದು ಹಿಡಿ ಉಳಿದಿತ್ತು. ಅವರಲ್ಲಿ ಸಣ್ಣವನು, ಇಪ್ಪತ್ತೂ ಇರಲಿಕ್ಕಿಲ್ಲ, ಅದನ್ನು ಎತ್ತಿಕೊಂಡು ಜೋಳದ ಸಾಲಿನೊಳಗೆ ಹೋಗಿ ಚೆಲ್ಲಿ ಬಂದ. ಯಾರೂ ಹೇಳಿರಲಿಲ್ಲ. ಯಾಕಪ್ಪಾ ಅಂದರೆ, ಊರಿನಲ್ಲಿ ಅವರ ಹೊಲವೂ ಗಿರವಿ ಬಿದ್ದಿದೆ ಅಂತ ಹಿಂದಿಯಲ್ಲಿ ಹೇಳಿದ. ಹೇಳಿ ಬೈಕಿನ ಮೇಲೆ ಕೂತು ಮೊಬೈಲ್ ನೋಡಹತ್ತಿದ.

ಮೊಮ್ಮಗನಿಗೆ ಆ ರಾತ್ರಿ ನಾನೇ ಫೋನು ಮಾಡಿದೆ. ಹೇಳಲು ತತ್ವ ಏನೂ ಕೂಡಿ ಬರಲಿಲ್ಲ. ತಾತನೂ ಮಂದಿಯ ಹೊಲದಲ್ಲೇ ಚೆಲ್ಲುವುದು, ನಮ್ಮ ಹೊಲ ಮಾರಿ ಹೋಗಿದೆ ಅಂದೆ. ಇದು ಅವನಿಗೆ ಗೊತ್ತಿರಲಿಲ್ಲ, ಅವನ ತಾಯಿ ಹೇಳಿರಲಿಲ್ಲ. ಅವನು ತುಸು ಹೊತ್ತು ಸುಮ್ಮನಿದ್ದು, "ಸೇಮ್ ಸೇಮ್," ಅಂದ. ಆಮೇಲೆ ಅಲ್ಲಿ ಸೋಮವಾರದ ಸಂಜೆ, ಖರೆ ಅಮಾವಾಸ್ಯೆಯ ದಿನ, ಉಳಿದ ಭಜ್ಜಿ ಅನ್ನ ಕಲಸಿಕೊಂಡು ಒಬ್ಬನೇ ಮನೆಯ ಹಿಂದಿನ ಗಿಡದ ಬುಡಕ್ಕೆ ಹೋಗಿ ಚೆಲ್ಲಿದನಂತೆ. ಚೆಲ್ಲುವಾಗ ಏನೋ ಹೇಳಿದ ಅಂತ ಮಗಳು ನಕ್ಕಳು. ಏನು ಹೇಳಿದಿ ಅಂದರೆ ನಾಚಿಕೊಂಡು ಹೇಳಿದ: "ಇದು ನಮ್ಮ ಹೊಲ ಅಲ್ಲ. ಥ್ಯಾಂಕ್ಸ್."

ಅರವತ್ತು ವರ್ಷದಲ್ಲಿ ನಾನು ಕೇಳಿದ ಚರಗದ ಕೂಗುಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿಲ್ಲ. ಹಳೆಯ ಕೂಗನ್ನೂ ಅವನಿಗೆ ಕಲಿಸುತ್ತೇನೆ, ಅದು ಬೇರೆ. ಎರಡು ದಿನದ ಮೇಲೆ ಅವರ ಕಟ್ಟಡದ ಬಾಗಿಲಿಗೆ ಚೀಟಿ ಅಂಟಿತ್ತಂತೆ, ಆವರಣದಲ್ಲಿ ಯಾರೂ ಆಹಾರ ಚೆಲ್ಲಬಾರದು, ಇಲಿ ಬರುತ್ತವೆ ಅಂತ. ಮುಂದಿನ ವರ್ಷ ನೆರೆಯ ಮುದುಕಿಯ ಮಗನ ಹಿತ್ತಲಿಗೆ ಹೋಗುವುದೆಂದು ಅವರೊಳಗೇ ಮಾತಾಗಿದೆ.

ನಮ್ಮ ಪಾಡು ಅದಕ್ಕಿಂತ ಬೇರೆಯಲ್ಲ. ಮಹಾಗಾಂವದಾಚೆಯ ಆ ಹೊಲದಲ್ಲಿ ಈ ಬೇಸಿಗೆಗೆ ಕಲ್ಲು ನೆಟ್ಟಿದ್ದಾರೆ, ಬಡಾವಣೆ ಆಗುತ್ತದಂತೆ. ಐದು ಪಾಂಡವರಿದ್ದ ಬನ್ನಿ ಗಿಡ ಇಪ್ಪತ್ತೆರಡನೆಯ ನಂಬರಿನ ಪ್ಲಾಟಿನಲ್ಲಿ ಬರುತ್ತದೆ. ಕಪನೂರದಿಂದ ಕಮಲಾಪುರದ ತನಕ ಯಾರದಾದರೂ ಹೊಲ ಇನ್ನೂ ಹೊಲವಾಗಿಯೇ ಇದ್ದರೆ, ಎಳ್ಳಮಾವಾಸ್ಯೆಯ ದಿನ ಒಂದು ಸುತ್ತು ಬರಲು ಬಿಟ್ಟರೆ ಸಾಕು. ನಾವು ಆರೇಳು ಮಂದಿ ಆಗುತ್ತೇವೆ, ಬಿಹಾರದ ಹುಡುಗರು ಸೇರಿ. ಬುತ್ತಿ ನಾವೇ ತರುತ್ತೇವೆ, ನಿಮಗೂ ತರುತ್ತೇವೆ.